ಹೊಳೆದಂಡೆಯ ಹಳೆ ಘಟ್ಟ: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿ ತಾಲ್ಲೂಕಿನಲ್ಲಿ ತುಂಗಭದ್ರೆಯ ಎಡದಂಡೆಗಿರುವ ಸಣ್ಣ ಊರು ನಮ್ಮದು. ಊರ ಕೆಳಗೆ ಹೊಳೆಗೆ ಇಳಿಯುವ ಕಲ್ಲಿನ ಘಟ್ಟ ಇದೆ. ಹಿಂದೆ ಹರಿಗೋಲು ಬಂದು ನಿಲ್ಲುತ್ತಿದ್ದ ಜಾಗ. ಬಹಳ ವರ್ಷ ಆ ಕಡೆ ಯಾರೂ ತಿರುಗಿ ನೋಡಿರಲಿಲ್ಲ. ಈಗ ಊರಿನವರೇ ಸೇರಿ ಒಂದೊಂದೇ ಮೆಟ್ಟಿಲು ಎತ್ತಿ ಕೂರಿಸುತ್ತಿದ್ದೇವೆ. ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆ ಪಂಕ್ತಿಯಲ್ಲಿ ಜನ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಒಂದು ಸಲ ಬರೆದಿಟ್ಟರೆ ಬಾಯಿಗೆ ಸ್ವಲ್ಪ ವಿಶ್ರಾಂತಿ ಸಿಗುತ್ತದೆ.

ಘಟ್ಟ ಅಂದರೆ ಯಾವುದು? ಗುಡಿ ಹತ್ತಿರದ ಹೊಂಡನಾ?

ಅಲ್ಲ. ಹೊಂಡ ಬೇರೆ, ಅದು ಊರೊಳಗಿದೆ. ಘಟ್ಟ ಇರುವುದು ಹುಣಸೆ ತೋಪು ದಾಟಿದ ಮೇಲೆ. ಎರಡು ಪಕ್ಕಕ್ಕೆ ಕಲ್ಲಿನ ಗೋಡೆ, ನಡುವೆ ಅಗಲವಾದ ಮೆಟ್ಟಿಲು, ಅರ್ಧ ಇಳಿದ ಮೇಲೆ ಒಂದು ಕಟ್ಟೆ. ಕಟ್ಟೆಯ ಮೂಲೆಯಲ್ಲಿ ತೂತು ಕೊರೆದ ಕಲ್ಲೊಂದಿದೆ. ಹರಿಗೋಲಿನ ಹಗ್ಗ ಕಟ್ಟುತ್ತಿದ್ದದ್ದು ಅದಕ್ಕೆ. ಹಗ್ಗ ತಿಕ್ಕಿ ತಿಕ್ಕಿ ತೂತಿನ ಅಂಚು ಕನ್ನಡಿ ಹಾಗೆ ನುಣುಪಾಗಿದೆ. ಬಂದವರಿಗೆ ನಾವು ಮೊದಲು ತೋರಿಸುವುದು ಆ ಕಲ್ಲನ್ನೇ.

ಕೃಷ್ಣದೇವರಾಯ ಕಟ್ಟಿಸಿದ್ದಾ?

ಈ ಸೀಮೆಯಲ್ಲಿ ಹಳೆ ಕಲ್ಲು ಕಂಡರೆ ಸಾಕು, ಕೃಷ್ಣದೇವರಾಯನ ಹೆಸರು ಬರುತ್ತದೆ. ನಮ್ಮ ಘಟ್ಟದಲ್ಲಿ ಶಾಸನ ಇಲ್ಲ. ಹಾಗಾಗಿ ರಾಯರ ಹೆಸರು ಹೇಳಿ ಬೋರ್ಡ್ ಹಾಕುವುದಿಲ್ಲ ಅಂತ ಮೊದಲೇ ತೀರ್ಮಾನ ಮಾಡಿದ್ದೇವೆ. ಕೆಲವರಿಗೆ ಇದು ಬೇಜಾರು.

ಆದರೆ ಈ ಹೊಳೆಯನ್ನು ಹರಿಗೋಲಿನಲ್ಲಿ ದಾಟುವುದು ಬಹಳ ಹಳೆಯದು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಹೊಳೆಯಲ್ಲಿ ಬುಟ್ಟಿಯಂಥ ದುಂಡನೆಯ ದೋಣಿ ಕಂಡು ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ, ದೋಣಿ ಮಾತ್ರ ನೆಟ್ಟಗೆ ಹೋಗದೆ ಗರಗರ ತಿರುಗುತ್ತಲೇ ಇರುತ್ತದೆ ಅಂತ ಅವನ ಮಾತು. ಐನೂರು ವರ್ಷ ಆದರೂ ಹರಿಗೋಲು ತಿರುಗುವುದನ್ನು ಬಿಟ್ಟಿಲ್ಲ. ಬದಲಾದದ್ದು ಹೊದಿಕೆ ಒಂದೇ. ತೊಗಲು ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂತು.

ಸೇತುವೆ ಆಗಿದೆಯಲ್ಲ, ಇನ್ನು ಘಟ್ಟ ಯಾಕೆ?

ಬೈಕಿನವರು ಜಾಸ್ತಿ ಕೇಳುವ ಪ್ರಶ್ನೆ ಇದು. ದಾಟುವುದಕ್ಕೆ ಘಟ್ಟ ಬೇಡ, ಒಪ್ಪುತ್ತೇವೆ. ಕಡೇಬಾಗಿಲು, ಬುಕ್ಕಸಾಗರದ ನಡುವೆ ಸೇತುವೆ ಬಂದ ಮೇಲೆ ಆ ಕಡೆ ಈ ಕಡೆ ಓಡಾಟ ಸಲೀಸಾಗಿದೆ. ಅದಕ್ಕೂ ಮುಂಚೆ ಆನೆಗೊಂದಿ, ತಳವಾರಘಟ್ಟದ ನಡುವೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರು ಪ್ರಾಣ ಕಳೆದುಕೊಂಡರು. ಆಮೇಲೂ ಎಷ್ಟೋ ವರ್ಷ ಅಲ್ಲಿ ಜನರನ್ನು ದಡ ಮುಟ್ಟಿಸಿದ್ದು ಹರಿಗೋಲೇ.

ಆದರೆ ಹೊಳೆಗೆ ಇಳಿಯುವುದು ಬರೀ ದಾಟಲಿಕ್ಕಲ್ಲವಲ್ಲ. ದೇವರ ಪಲ್ಲಕ್ಕಿ ಗಂಗೆಸ್ಥಳಕ್ಕೆ ಬರಬೇಕು. ಸಂಕ್ರಾಂತಿಗೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋಗಬೇಕು. ಎಮ್ಮೆ ಮೈ ತೊಳೆಯಬೇಕು. ಮಣ್ಣು ಮಾಡಿ ಬಂದವರು ಸ್ನಾನ ಮಾಡಬೇಕು. ಮೆಟ್ಟಿಲು ಕಿತ್ತುಹೋದ ಮೇಲೆ ಇದನ್ನೆಲ್ಲ ಜನ ಕೆಸರಿನಲ್ಲಿ ಜಾರುತ್ತಾ ಮಾಡುತ್ತಿದ್ದರು. ಇಬ್ಬರು ಅಜ್ಜಿಯರು ಸೊಂಟ ಮುರಿದುಕೊಂಡರು. ಕೆಲಸ ಶುರುವಾದದ್ದು ಇತಿಹಾಸದ ಪ್ರೀತಿಯಿಂದ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಶುರುವಾದದ್ದು ಆ ಸೊಂಟಗಳಿಂದ.

ಇಷ್ಟು ಗಟ್ಟಿ ಕಲ್ಲು ಹಾಳಾಗಿದ್ದು ಹೇಗೆ?

ಕಲ್ಲು ಹಾಳಾಗಿಲ್ಲ. ಕಲ್ಲಿನ ಕೆಳಗಿದ್ದ ನೆಲ ಹೋಗಿದೆ.

ಹೊಳೆ ತುಂಬಿ ಬಂದಾಗ ನೀರು ಕಟ್ಟಕಡೆಯ ಮೆಟ್ಟಿಲಿನ ಬುಡವನ್ನು ಕೊರೆಯುತ್ತದೆ. ಬುಡದ ಕಲ್ಲು ಒಂದು ಗೇಣು ಮುಂದೆ ಸರಿದರೆ ಮೇಲಿನದು ಅದರ ಮೇಲೆ ಜಾರುತ್ತದೆ. ಅದರ ಮೇಲಿನದು ಮತ್ತೆ ಜಾರುತ್ತದೆ. ಹೊಳೆಯ ಒಡಲಿನಿಂದ ಮರಳು ಎತ್ತಿದ ಕಡೆ ಇದು ಇನ್ನೂ ಬೇಗ ಆಗುತ್ತದೆ, ಯಾಕೆಂದರೆ ಬುಡಕ್ಕೆ ಆಸರೆಯಾಗಿದ್ದದ್ದು ಅದೇ ಮರಳು. ರಾತ್ರಿ ಹೊತ್ತು ಯಾರ ಟ್ರ್ಯಾಕ್ಟರ್ ಬರುತ್ತಿತ್ತು ಅನ್ನುವುದು ಇಲ್ಲಿ ಬರೆಯುವ ವಿಷಯ ಅಲ್ಲ, ಊರಿಗೆ ಗೊತ್ತಿದೆ.

ಇನ್ನೊಂದು ಶತ್ರು ಅರಳಿ ಗಿಡ. ಹಕ್ಕಿ ಹಿಕ್ಕೆಯಲ್ಲಿ ಬೀಜ ಬಿದ್ದು ಗೋಡೆಯ ಸಂದಿಯಲ್ಲಿ ಹುಟ್ಟುತ್ತದೆ. ಪೂಜೆಯ ಮರ ಅಂತ ಯಾರೂ ಕೀಳುವುದಿಲ್ಲ. ಹತ್ತು ವರ್ಷದಲ್ಲಿ ಬೇರು ತೊಡೆ ಗಾತ್ರ ಆಗಿ ಗೋಡೆಯನ್ನೇ ಹೊರಕ್ಕೆ ತಳ್ಳುತ್ತದೆ.

ಸಿಮೆಂಟ್ ಹಾಕಿದರೆ ಒಂದೇ ವಾರದಲ್ಲಿ ಮುಗಿಯುತ್ತದಲ್ಲ?

ಹಾಕಿದ್ದನ್ನು ನೋಡಿದ್ದೇವೆ. ನಮಗಿಂತ ಮುಂಚೆ ಒಬ್ಬ ಗುತ್ತಿಗೆದಾರರು ಮೇಲಿನ ಮೂರು ಮೆಟ್ಟಿಲಿಗೆ ಸಿಮೆಂಟ್ ಬಳಿದು ಹೋಗಿದ್ದರು. ಎರಡು ಮಳೆಗಾಲ ತಡೆಯಿತು. ಮೂರನೆಯದಕ್ಕೆ ಹಪ್ಪಳದ ಹಾಗೆ ಎದ್ದು ಬಂತು. ಬರುವಾಗ ಕಲ್ಲಿನ ಅಂಚನ್ನೂ ಕಿತ್ತುಕೊಂಡೇ ಬಂತು.

ಘಟ್ಟ ಅಂದರೆ ನೀರು ಒಳಗೆ ಹೋಗಿ ಹೊರಗೆ ಬರುವ ಜಾಗ. ಹೊಳೆ ಏರಿದಾಗ ಗೋಡೆಯ ಹಿಂದಿನ ಮಣ್ಣು ನೀರು ಕುಡಿಯುತ್ತದೆ. ಹೊಳೆ ಇಳಿದಾಗ ಆ ನೀರು ಸಂದಿಯಿಂದ ಹೊರಗೆ ಬರಬೇಕು. ಸಿಮೆಂಟ್ ಸಂದಿ ಮುಚ್ಚಿಬಿಡುತ್ತದೆ. ನೀರು ಒಳಗೇ ನಿಂತು ಗೋಡೆಯನ್ನು ಹಿಂದಿನಿಂದ ದೂಡುತ್ತದೆ. ಸುಣ್ಣದ ಗಾರೆ ಮೆತ್ತಗಿರುತ್ತದೆ, ಉಸಿರಾಡುತ್ತದೆ. ಗೋಡೆ ಸ್ವಲ್ಪ ಅಲುಗಿದರೆ ಬಿರುಕು ಬಿಡುವುದು ಗಾರೆ, ಕಲ್ಲಲ್ಲ. ಗಾರೆಯನ್ನು ಮತ್ತೆ ತುಂಬಬಹುದು. ಕಲ್ಲನ್ನು ಮತ್ತೆ ಹುಟ್ಟಿಸಲಿಕ್ಕೆ ಆಗುತ್ತಾ?

ಗಾರೆ ಮಾಡುವುದು ಹೇಗೆ? ಬೆಲ್ಲ ಹಾಕುತ್ತೀರಂತೆ, ನಿಜನಾ?

ನಿಜ. ಇರುವೆಗಳಿಗೂ ಗೊತ್ತಾಗಿದೆ.

ಸುಟ್ಟ ಸುಣ್ಣದ ಕಲ್ಲನ್ನು ಗುಂಡಿಯಲ್ಲಿ ನೀರು ಹಾಕಿ ಅರಳಿಸುತ್ತೇವೆ. ಕುದಿಯುತ್ತದೆ, ಹುಷಾರು, ಮಕ್ಕಳನ್ನು ಆ ಕಡೆ ಬಿಡುವುದೇ ಇಲ್ಲ. ಅರಳಿದ್ದನ್ನು ಜರಡಿ ಹಿಡಿದು ಮೇಲೆ ನೀರು ನಿಲ್ಲಿಸಿ ವಾರಗಟ್ಟಲೆ ಬಿಡುತ್ತೇವೆ. ಎಷ್ಟು ಹಳೆಯದಾದರೆ ಅಷ್ಟು ಬೆಣ್ಣೆ. ಆಮೇಲೆ ಮರಳು, ಇಟ್ಟಿಗೆ ಪುಡಿ ಸೇರಿಸಿ ಅರೆಯಬೇಕು. ಇಟ್ಟಿಗೆ ಪುಡಿ ಇದ್ದರೆ ಗಾರೆ ಒದ್ದೆ ಜಾಗದಲ್ಲೂ ಬಿಗಿಯುತ್ತದೆ. ನೆನೆಸಿದ ಅಳಲೆಕಾಯಿ ನೀರು, ಬೆಲ್ಲದ ನೀರು ಕೊನೆಗೆ ಬೀಳುತ್ತದೆ. ಬೆಲ್ಲ ಗಾರೆಯನ್ನು ಮಿದುವಾಗಿ ಎಳೆಯಲು ಬರುವ ಹಾಗೆ ಮಾಡುತ್ತದೆ.

ಗೋಡೆಗೆ ತುಂಬಿದ ಮೇಲೂ ಕೆಲಸ ಮುಗಿಯುವುದಿಲ್ಲ. ಸುಣ್ಣ ಗಾಳಿ ಎಳೆದುಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ನಮ್ಮ ಬಿಸಿಲಿಗೆ ಮೇಲ್ಮೈ ಬೇಗ ಒಣಗಿ ಒಳಗೆ ಹಸಿಯಾಗೇ ಉಳಿದರೆ ಪುಡಿಪುಡಿ. ಅದಕ್ಕೇ ಗೋಣಿತಟ್ಟು ಹೊದಿಸಿ ದಿನಾ ನೀರು ಚಿಮುಕಿಸಬೇಕು. ಬಿಸಿ ಕೆಲಸ ಎಲ್ಲ ಹುಡುಗರು ಮಾಡುತ್ತಾರೆ. ಈ ನೀರು ಚಿಮುಕಿಸುವ ಬೇಜಾರಿನ ಕೆಲಸ ಮಾಡಿದವರು ಎದುರು ಓಣಿಯ ಅಕ್ಕಂದಿರು. ಗೋಡೆ ನಿಂತಿದ್ದರೆ ಅವರಿಂದ.

ಮೆಟ್ಟಿಲಿಗೂ ಗಾರೆ ಹಾಕುತ್ತೀರಾ?

ಇಲ್ಲ. ಗಾರೆ ಪಕ್ಕದ ಗೋಡೆಗೆ, ನಡುವಿನ ಕಟ್ಟೆಗೆ ಮಾತ್ರ. ಮೆಟ್ಟಿಲು ಮೊದಲಿನಿಂದಲೂ ಒಣ ಕಟ್ಟಡ. ದೊಡ್ಡ ಕಲ್ಲು, ಅದರ ಹಿಂದೆ ಗುಂಡುಕಲ್ಲಿನ ತುಂಬು, ಸಂದಿಗೆ ಚಕ್ಕೆ ಬಡಿದು ಬಿಗಿ. ಭಾರವೇ ಅಂಟು.

ನಮಗೆ ಮೊದಲ ವರ್ಷ ಇದರ ಹದ ಗೊತ್ತಿರಲಿಲ್ಲ. ಮಟ್ಟಗೋಲು ಇಟ್ಟು ಮೆಟ್ಟಿಲನ್ನು ನೀಟಾಗಿ ಸಮಕ್ಕೆ ಕೂರಿಸಿದ್ದೆವು. ಹರಿಗೋಲು ಹಾಕಿ ಬದುಕಿದ ಮುದುಕರೊಬ್ಬರು ಬಂದು ನಿಂತು ನೋಡಿದರು. "ತಮ್ಮಾ, ಕಲ್ಲು ಹೊಳಿ ಕಡೆ ನೋಡ್ತಿರಬೇಕು, ಊರ ಕಡೆ ಅಲ್ಲ" ಅಂದರು. ಅಂದರೆ ಪ್ರತಿ ಮೆಟ್ಟಿಲೂ ಹೊಳೆಯ ಕಡೆಗೆ ಒಂದಿಷ್ಟು ಇಳಿಜಾರು ಇರಬೇಕು. ಇಲ್ಲದಿದ್ದರೆ ನೀರು ನಿಂತು ಪಾಚಿ ಕಟ್ಟುತ್ತದೆ, ನೀರು ಹಿಂದಿನ ತುಂಬಿಗೂ ಇಳಿಯುತ್ತದೆ. ಆರು ಮೆಟ್ಟಿಲು ಕಿತ್ತು ಮತ್ತೆ ಹಾಕಿದೆವು.

ಕಲ್ಲಿನ ಮೇಲೆ ನಂಬರ್ ಯಾಕೆ ಬರೆದಿದ್ದೀರಿ?

ಕಿತ್ತ ಕಲ್ಲನ್ನು ಅದರ ಜಾಗಕ್ಕೇ ವಾಪಸ್ ಕೂರಿಸಲಿಕ್ಕೆ. ಹಳೆಯವರು ಒಂದೊಂದು ಕಲ್ಲನ್ನೂ ಪಕ್ಕದ ಕಲ್ಲಿಗೆ ತಕ್ಕ ಹಾಗೆ ಚಾಣ ಹಿಡಿದು ಕೆತ್ತಿದ್ದಾರೆ. ಜಾಗ ಬದಲಾದರೆ ಸಂದಿ ಕೂಡುವುದಿಲ್ಲ.

ಮೊದಲು ಸೀಮೆಸುಣ್ಣದಲ್ಲಿ ಬರೆದಿದ್ದೆವು. 2024ರ ಮಳೆಗಾಲದಲ್ಲಿ ಹೊಳೆ ಬಂದು ಅಷ್ಟೂ ನಂಬರ್ ತೊಳೆದುಕೊಂಡು ಹೋಯಿತು. ಮೊಬೈಲ್ ಫೋಟೊ ಇಟ್ಟುಕೊಂಡು ಒಂದು ಬೇಸಿಗೆ ಪೂರ್ತಿ ಜಿಗ್‌ಸಾ ಆಡಿದೆವು. ಅದೇ ವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋಯಿತಲ್ಲ, ಆ ವಾರ ನಿದ್ದೆ ಮಾಡಿದವರು ಕಡಿಮೆ. ಆಗ ಕಲ್ಲಿನ ಚಿಂತೆ ಯಾರಿಗೂ ಇರಲಿಲ್ಲ, ಗದ್ದೆ ಮನೆಗಳದ್ದೇ ಚಿಂತೆ. ಈಗ ನಂಬರನ್ನು ಕಲ್ಲಿನ ಹಿಂಬದಿಗೆ ಆಯಿಲ್ ಪೇಂಟಿನಲ್ಲಿ ಬರೆಯುತ್ತೇವೆ. ಕೂರಿಸಿದ ಮೇಲೆ ಕಾಣುವುದಿಲ್ಲ. ಕಿತ್ತ ಕಲ್ಲನ್ನು ದಡದ ಮೇಲೆ, ಹೊಳೆ ಮುಟ್ಟದ ಎತ್ತರಕ್ಕೆ ಒಯ್ದು ಇಡುತ್ತೇವೆ.

ಜೆಸಿಬಿ ತಂದರೆ ಬೇಗ ಆಗುತ್ತಲ್ಲ?

ಹೂಳು ಎತ್ತಲಿಕ್ಕೆ ತರುತ್ತೇವೆ. ಕಲ್ಲು ಮುಟ್ಟಲಿಕ್ಕೆ ಇಲ್ಲ. ಮೊದಲ ವರ್ಷ ಅರಳಿ ಬೇರಿಗೆ ಬಕೆಟ್ ಹಾಕಿ ಎಳೆದೆವು. ಬೇರಿನ ಜೊತೆ ಏಳು ಕಲ್ಲು ಬಂದವು. ಈಗ ಬೇರನ್ನು ಕೈಯಿಂದ ತುಂಡು ತುಂಡು ಕೊಯ್ದು ತೆಗೆಯುತ್ತೇವೆ. ಕಲ್ಲು ಎತ್ತುವುದು ಮೂರು ಕಾಲಿನ ಕಂಬಕ್ಕೆ ಚೈನ್ ಪುಲ್ಲಿ ಕಟ್ಟಿ, ಹಾರೆ ಕೊಟ್ಟು. ದಿನಕ್ಕೆ ನಾಲ್ಕು ಕಲ್ಲು ಕೂತರೆ ಅವತ್ತು ಹಬ್ಬ.

ಯಾರ ಅನುಮತಿ ಬೇಕು?

ಸುಮ್ನೆ ಹಾರೆ ಹಿಡಿದು ಹೊರಡಬೇಡಿ. ಬೇರೆ ಊರಿನವರು ಓದುತ್ತಿದ್ದರೆ ಇದನ್ನು ಎರಡು ಸಲ ಓದಿ.

ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆ ಪ್ರದೇಶ ಹೊಳೆಯ ಈ ಕಡೆಗೂ ಚಾಚಿದೆ, ಆನೆಗೊಂದಿ ಅದರೊಳಗೇ ಬರುತ್ತದೆ. ಅಲ್ಲಿ ಏನು ಮಾಡಬೇಕಿದ್ದರೂ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವನ್ನು ಕೇಳಬೇಕು. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕ ಹತ್ತಿರ ಇದ್ದರೆ ಮೊದಲ 100 ಮೀಟರ್ ನಿಷೇಧ, ಆಮೇಲಿನ 200 ಮೀಟರ್ ನಿಯಂತ್ರಣ. ನಮ್ಮ ಘಟ್ಟ ಈ ಯಾವ ಗೆರೆಯ ಒಳಗೂ ಬರುವುದಿಲ್ಲ. ಆದರೂ ಹೊಳೆದಂಡೆ ಸರ್ಕಾರದ ಜಾಗ. ಗ್ರಾಮಸಭೆಯಲ್ಲಿ ಠರಾವು ಮಾಡಿಸಿದೆವು, ತಹಶೀಲ್ದಾರರಿಗೆ ಅರ್ಜಿ ಕೊಟ್ಟೆವು, ನೀರಾವರಿಯವರಿಗೂ ಪುರಾತತ್ವದವರಿಗೂ ಪ್ರತಿ ಕಳಿಸಿದೆವು. ಕಾಗದ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಒಂದು ಬೇಸಿಗೆಯೇ ಕಳೆಯಿತು. ಹೋಗಲಿ, ಆ ಬೇಸಿಗೆಯಲ್ಲಿ ಘಟ್ಟದ ಅಳತೆ ಹಿಡಿದು ನಕ್ಷೆ ಬರೆದುಕೊಂಡೆವು. ಆ ನಕ್ಷೆಯೇ ಈಗ ನಮ್ಮ ಆಸ್ತಿ.

ಅಗೆಯುವಾಗ ನಿಧಿ ಸಿಕ್ಕಿತಂತೆ?

ಸಿಕ್ಕಿದ್ದು ಎರಡು ಸ್ಟೀಲ್ ಲೋಟ, ಒಂದು ಬೈಕ್ ಕೀ, ಲೆಕ್ಕವಿಲ್ಲದಷ್ಟು ಶಾಂಪೂ ಸ್ಯಾಷೆ. ನಿಧಿಯ ಕಾನೂನು 1878ರಿಂದಲೇ ಇದೆ. ನೆಲದಡಿ ಹಳೆಯದೇನಾದರೂ ಸಿಕ್ಕರೆ ಅಧಿಕಾರಿಗಳಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅಪರಾಧ. ಅಮಾವಾಸ್ಯೆ ರಾತ್ರಿ ನಿಂಬೆಹಣ್ಣು ಹಿಡಿದು ಬರುವವರಿಗೂ ಇದೇ ಉತ್ತರ.

ಕೆಲಸ ಯಾವ ತಿಂಗಳಲ್ಲಿ?

ಹೊಳೆ ಹೇಳಿದಾಗ. ಮೇಲೆ 33 ಗೇಟಿನ ಅಣೆಕಟ್ಟೆ ಕೂತಿದೆ. ಮಲೆನಾಡಿನಲ್ಲಿ ಮಳೆ ಹಿಡಿದರೆ ಜುಲೈ, ಆಗಸ್ಟ್‌ನಲ್ಲಿ ನೀರು ಬಿಡುತ್ತಾರೆ. ಕಂಪ್ಲಿ ಸೇತುವೆ ಮುಳುಗಿತು ಅಂತ ಸುದ್ದಿ ಬಂತೆಂದರೆ ನಮ್ಮ ಘಟ್ಟ ಎಷ್ಟೋ ಹೊತ್ತಿಗೆ ಮುಂಚೆಯೇ ನೀರಿನಡಿ ಹೋಗಿರುತ್ತದೆ.

ಸಂಕ್ರಾಂತಿಯಿಂದ ಯುಗಾದಿವರೆಗೆ ಗಾರೆ ಕೆಲಸ, ಬಿಸಿಲು ಏರುವ ಮುಂಚೆ ಬಿಗಿಯಲಿ ಅಂತ. ಯುಗಾದಿ ಆದ ಮೇಲೆ ನೀರು ಪೂರ್ತಿ ಇಳಿಯುತ್ತದೆ. ಆಗ ಬುಡದ ಕಲ್ಲು. ಬೆಳಿಗ್ಗೆ ಆರಕ್ಕೆ ಶುರು, ಒಂಬತ್ತೂವರೆಗೆ ಬಂದ್. ಆಮೇಲೆ ಬಂಡೆ ಮೇಲೆ ಕಾಲಿಡಲಿಕ್ಕೆ ಆಗುವುದಿಲ್ಲ. ಭತ್ತದ ನಾಟಿ, ಕೊಯ್ಲು ಬಂದಾಗ ಆಳು ಸಿಗುವುದಿಲ್ಲ, ಕೇಳುವುದೂ ತಪ್ಪು.

ಮೊಸಳೆ ಇದೆಯಂತಲ್ಲ?

ಇದೆ. ನೀರುನಾಯಿಯೂ ಇದೆ. ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಅಂತ ಸರ್ಕಾರ ಘೋಷಿಸಿದೆ. ಹಾಗಾಗಿ ರಾತ್ರಿ ಲೈಟು, ಡಿಜೆ, ದಂಡೆಯಲ್ಲಿ ಬೆಂಕಿ ಯಾವುದೂ ಬೇಡ. ಬೆಳಗಿನ ಹೊತ್ತು ಕೆಲಸಕ್ಕೆ ಬಂದವರಿಗೆ ನೀರುನಾಯಿಗಳ ಗುಂಪು ಕಂಡರೆ ಕೆಲಸ ಹತ್ತು ನಿಮಿಷ ತಾನಾಗೇ ನಿಲ್ಲುತ್ತದೆ. ಮೇಸ್ತ್ರಿ ಬೈಯುವುದಿಲ್ಲ, ಅವರೂ ನೋಡುತ್ತಿರುತ್ತಾರೆ. ಒಬ್ಬೊಬ್ಬರೇ ನೀರಿಗೆ ಇಳಿಯಬೇಡಿ, ಅಷ್ಟೇ.

ರಿಪೇರಿ ಆದ ಮೇಲೆ ಬಟ್ಟೆ ಒಗೆಯೋದು ಬಂದ್ ಮಾಡ್ತೀರಾ?

ಇಲ್ಲ, ಇಲ್ಲ, ಇಲ್ಲ. ಒಗೆಯುವ ಕಲ್ಲು ಎರಡನ್ನೂ ಇದ್ದಲ್ಲೇ ಬಿಟ್ಟಿದ್ದೇವೆ. ಸೋಪಿನ ಕವರ್ ಮಾತ್ರ ಮನೆಗೆ ಒಯ್ಯಿರಿ.

ಊರಿನವರೇ ಸೇರಿ ಇಂಥದ್ದು ಮಾಡಿದ್ದು ಬೇರೆ ಎಲ್ಲಾದರೂ ಇದೆಯಾ?

ದೂರ ಯಾಕೆ, ಕೊಪ್ಪಳದಲ್ಲೇ ಇದೆ. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತರು. ಜಾಲಿ ಬೆಳೆದು ಮುಚ್ಚಿಹೋಗಿದ್ದ ಹಿರೇಹಳ್ಳವನ್ನು ಸುಮಾರು 26 ಕಿಲೋಮೀಟರ್ ಉದ್ದಕ್ಕೆ ಜನರೇ ಸೇರಿ ಹಸನು ಮಾಡಿದರು. ನಮಗೆ ಧೈರ್ಯ ಬಂದದ್ದು ಅದನ್ನು ಕಣ್ಣಾರೆ ನೋಡಿ.

ದೂರದ್ದೂ ಹೇಳಬೇಕು. ಇಂಗ್ಲೆಂಡಿನ ಸಮುದ್ರದಂಡೆ ಊರುಗಳಲ್ಲಿ ಪಿಯರ್ ಅಂತ ಇರುತ್ತದೆ. ದಡದಿಂದ ಸಮುದ್ರದೊಳಕ್ಕೆ ಕಂಬಗಳ ಮೇಲೆ ಚಾಚಿದ ಉದ್ದನೆಯ ಅಟ್ಟ. ಹಡಗು ಬಂದು ನಿಲ್ಲಲಿಕ್ಕೆ, ಜನ ತಿರುಗಾಡಲಿಕ್ಕೆ ಕಟ್ಟಿದ್ದು. ಅವರಿಗೆ ಉಪ್ಪುನೀರು, ತುಕ್ಕು. ನಮಗೆ ಹೂಳು, ಬೇರು. ಉಳಿದ ಕಥೆ ಒಂದೇ. ಕ್ಲೀವ್‌ಡನ್ ಅನ್ನುವ ಊರಿನ ಪಿಯರ್ 1869ರದ್ದು. ಅದರ ಕಬ್ಬಿಣ ರೈಲುಹಳಿಯದ್ದು. 1970ರಲ್ಲಿ ವಿಮೆಗಾಗಿ ಅದರ ಮೇಲೆ ನೀರಿನ ತೊಟ್ಟಿಗಳನ್ನು ಇಟ್ಟು ಎಷ್ಟು ಭಾರ ತಡೆಯುತ್ತದೆ ಅಂತ ಪರೀಕ್ಷೆ ಮಾಡಿದರು. ಪರೀಕ್ಷೆಯಲ್ಲೇ ಎರಡು ಅಂಕಣ ಕುಸಿದು ಸಮುದ್ರಕ್ಕೆ ಬಿದ್ದವು. ಕೆಡವಿಬಿಡೋಣ ಅಂತ ಅಲ್ಲಿನ ಆಡಳಿತ ಹೊರಟಿತು. ಊರಿನವರು ಬಿಡಲಿಲ್ಲ. 1980ರಲ್ಲಿ ವಿಚಾರಣೆ ನಡೆದು ಪಿಯರ್ ಉಳಿಯಿತು. ಜನ ಮತ್ತೆ ಅದರ ಮೇಲೆ ನಡೆದದ್ದು 1989ರಲ್ಲಿ, ತುದಿಯ ಭಾಗ ತೆರೆದದ್ದು 1998ರಲ್ಲಿ. ನಮ್ಮ ಘಟ್ಟಕ್ಕೆ ಮೂರು ವರ್ಷ ಆಯಿತು ಅಂತ ಗೊಣಗುವವರಿಗೆ ಈ ಲೆಕ್ಕ ಹೇಳುತ್ತೇನೆ.

ದುಡ್ಡು ಎಲ್ಲಿಂದ? ಹಣ ಕೊಟ್ಟರೆ ಕಲ್ಲಿನ ಮೇಲೆ ಹೆಸರು ಹಾಕಿಸ್ತೀರಾ?

ಮನೆಮನೆಗೆ ಪಟ್ಟಿ ಹಾಕಿದ್ದೇವೆ. ದುಡ್ಡು ಕೊಡಲಾಗದವರು ಆಳು ಕೊಡುತ್ತಾರೆ, ಅದಕ್ಕೂ ಪುಸ್ತಕದಲ್ಲಿ ಅಷ್ಟೇ ಜಾಗ. ಬ್ಯಾಂಕ್ ಖಾತೆಗೆ ಮೂವರ ಸಹಿ ಬೇಕು, ಅದರಲ್ಲಿ ಒಬ್ಬರು ಹೆಣ್ಣುಮಗಳು. ತಿಂಗಳಿಗೊಮ್ಮೆ ಲೆಕ್ಕವನ್ನು ಊರ ಕಟ್ಟೆ ಮೇಲೆ ಓದುತ್ತೇವೆ. ಮಿರ್ಚಿಗೆ ಇಷ್ಟು ಖರ್ಚಾ ಅಂತ ಯಾರಾದರೂ ಪ್ರತಿ ಸಲ ಕೇಳುತ್ತಾರೆ. ಹೌದು, ಇಷ್ಟು. ಒಗ್ಗರಣೆ ಮಿರ್ಚಿ ಇಲ್ಲದೆ ಬೆಳಿಗ್ಗೆ ಆರಕ್ಕೆ ಯಾರು ಬರುತ್ತಾರೆ?

ಹೆಸರಿನ ವಿಷಯ. ಇಂಗ್ಲೆಂಡಿನ ಸ್ವಾನೇಜ್ ಪಿಯರ್‌ನಲ್ಲಿ ಹಣ ಕೊಟ್ಟವರ ಹೆಸರನ್ನು ಸಣ್ಣ ಹಿತ್ತಾಳೆ ಪಟ್ಟಿಯಲ್ಲಿ ಬರೆದು ನಡೆಯುವ ಹಲಗೆಗೇ ಹೊಡೆದಿದ್ದಾರೆ. ಒಳ್ಳೆ ಉಪಾಯ ಅಂತ ನಾನೇ ಸಭೆಯಲ್ಲಿ ಹೇಳಿದೆ. "ನಮ್ಮಪ್ಪನ ಹೆಸರು ಊರೆಲ್ಲ ತುಳೀಲೇನು?" ಅಂತ ಒಬ್ಬರು ಎದ್ದು ನಿಂತರು. ಮಾತು ಅಲ್ಲಿಗೇ ಮುಗಿಯಿತು. ಹೆಸರು ಪುಸ್ತಕದಲ್ಲಿ ಇರುತ್ತದೆ.

ಮುಗಿದ ಮೇಲೆ ಯಾರು ನೋಡ್ಕೋತಾರೆ?

ಇದನ್ನು ಜನ ಪದೇ ಪದೇ ಕೇಳುವುದಿಲ್ಲ. ಕೇಳಬೇಕು, ಅದಕ್ಕೇ ಸೇರಿಸಿದ್ದೇನೆ.

ಮತ್ತೆ ಇಂಗ್ಲೆಂಡಿಗೆ ಹೋಗೋಣ. ಹೇಸ್ಟಿಂಗ್ಸ್ ಊರಿನ ಪಿಯರ್ 1872ರದ್ದು. 2010ರಲ್ಲಿ ಬೆಂಕಿ ಬಿದ್ದು ಬಹುಪಾಲು ಸುಟ್ಟಿತು. ಸುಮಾರು 3,000 ಜನ ಷೇರು ಕೊಂಡು ಕೈಜೋಡಿಸಿದರು. ಲಾಟರಿ ನಿಧಿಯಿಂದ ದೊಡ್ಡ ಹಣ ಬಂತು. 2016ರಲ್ಲಿ ತೆರೆಯಿತು. 2017ರಲ್ಲಿ ಆ ದೇಶದ ಕಟ್ಟಡಗಳಿಗೆ ಕೊಡುವ ದೊಡ್ಡ ಬಹುಮಾನ, ಸ್ಟರ್ಲಿಂಗ್ ಪ್ರಶಸ್ತಿ, ಅದಕ್ಕೇ ಬಂತು. ಅದೇ ವರ್ಷ ಪಿಯರ್ ನಡೆಸುತ್ತಿದ್ದ ಜನರ ಸಂಸ್ಥೆ ದಿವಾಳಿ ಅಂಚಿಗೆ ಬಂತು. 2018ರಲ್ಲಿ ಪಿಯರ್ ಒಬ್ಬ ಖಾಸಗಿ ವ್ಯಕ್ತಿಗೆ ಮಾರಾಟವಾಯಿತು. ಕಟ್ಟಲಿಕ್ಕೆ ದುಡ್ಡು ಸಿಕ್ಕಿತ್ತು, ದಿನಾ ನಡೆಸಲಿಕ್ಕೆ ಸಿಗಲಿಲ್ಲ.

ಇದನ್ನು ಓದಿದ ದಿನದಿಂದ ನನಗೆ ಕಲ್ಲಿಗಿಂತ ಜಾಸ್ತಿ ಪೊರಕೆಯ ಚಿಂತೆ. ಪ್ರತಿ ವರ್ಷ ಹೊಳೆ ಇಳಿದ ಮೇಲೆ ಮೆಟ್ಟಿಲ ಮೇಲೆ ಮೊಣಕಾಲುದ್ದ ಮೆಕ್ಕಲು ಕೂತಿರುತ್ತದೆ. ಹಸಿ ಇದ್ದಾಗಲೇ ಸಲಿಕೆಯಲ್ಲಿ ಎಳೆದರೆ ಎರಡು ದಿನದ ಕೆಲಸ. ಒಣಗಲು ಬಿಟ್ಟರೆ ಹಾರೆ ಬೇಕು, ಹದಿನೈದು ದಿನ ಬೇಕು. ಅರಳಿ ಸಸಿ ಎರಡು ಎಲೆ ಇದ್ದಾಗ ಎರಡು ಬೆರಳು ಸಾಕು. ಬುಡದ ಕಲ್ಲು ಸರಿದಿದೆಯಾ ಅಂತ ಬೇಸಿಗೆಗೊಮ್ಮೆ ಟೇಪ್ ಹಿಡಿದು ನೋಡಬೇಕು.

ಅದಕ್ಕೆ ಪಾಳಿ ಹಾಕಿದ್ದೇವೆ. ತಿಂಗಳಿಗೊಂದು ಓಣಿ. ಸಿಕ್ಕ ಪಟ್ಟಿ ಹಣದಲ್ಲಿ ಒಂದು ಪಾಲನ್ನು ಈಗಲೇ ತೆಗೆದು ಠೇವಣಿ ಇಟ್ಟಿದ್ದೇವೆ, ಕೆಲಸ ನಿಧಾನ ಆದರೂ ಪರವಾಗಿಲ್ಲ ಅಂತ. ಪಾಳಿಯ ಹಾಳೆ ಹಿಟ್ಟಿನ ಗಿರಣಿ ಬಾಗಿಲಿಗೆ ಅಂಟಿಸಿದೆ. ಅಕ್ಟೋಬರ್, ನವೆಂಬರ್ ತುಂಬಿದೆ. ಮಾರ್ಚ್ ಮತ್ತು ಮೇ ಇನ್ನೂ ಖಾಲಿ ಇವೆ. ಪೆನ್ನನ್ನು ಅಲ್ಲೇ ದಾರ ಕಟ್ಟಿ ನೇತುಹಾಕಿದ್ದೇವೆ.